ಕೊಯ್ನಾದ ಬಿರುಕು, ಸೂಪಾದ ಗೋಡೆ

ಹಳಿಯಾಳದಿಂದ ದಾಂಡೇಲಿ ದಾಟಿ ಜೋಯಿಡಾದ ಕಾಡು ಹೊಕ್ಕರೆ, ಗಣೇಶಗುಡಿಯಲ್ಲಿ ಕಾಳಿ ನದಿಗೆ ಅಡ್ಡಲಾಗಿ ಎದ್ದ ಕಾಂಕ್ರೀಟ್ ಗೋಡೆ ಕಾಣುತ್ತದೆ. ಎತ್ತರ 101 ಮೀಟರ್, ಉದ್ದ 332 ಮೀಟರ್. 1987ರಲ್ಲಿ ಮುಗಿದ ಈ ಅಣೆಕಟ್ಟಿನ ಹಿನ್ನೀರಿನಲ್ಲಿ ಸೂಪಾ ಎಂಬ ಊರು ಮುಳುಗಿತು. ಊರು ಹೋಯಿತು, ಹೆಸರು ಅಣೆಕಟ್ಟಿಗೆ ಉಳಿಯಿತು.

ಸೂಪಾ ಕಥೆಯ ಇನ್ನೊಂದು ತುದಿ ಉತ್ತರದಲ್ಲಿದೆ. ಅದೇ ಸಹ್ಯಾದ್ರಿಯ ಸಾಲಿನಲ್ಲಿ, ಮಹಾರಾಷ್ಟ್ರದ ಕೊಯ್ನಾದಲ್ಲಿ 103 ಮೀಟರ್ ಎತ್ತರದ ಅಣೆಕಟ್ಟಿದೆ. ಅದರ ಜಲಾಶಯ ತುಂಬತೊಡಗಿ ಐದಾರು ವರ್ಷವಾಗಿತ್ತಷ್ಟೆ. 1967ರ ಡಿಸೆಂಬರ್ 11ರ ನಸುಕಿನಲ್ಲಿ 6.3 ತೀವ್ರತೆಯ ಭೂಕಂಪವಾಗಿ ಸುಮಾರು 180 ಜನ ಸತ್ತರು. ಅಣೆಕಟ್ಟು ಬೀಳಲಿಲ್ಲ, ಆದರೆ ಅದರ ಮೈಯಲ್ಲಿ ಅಡ್ಡಡ್ಡ ಬಿರುಕು ಬಿಟ್ಟಿತು.

ಈ ಕಂಪನಕ್ಕೆ ಜಲಾಶಯವೇ ಪ್ರಚೋದನೆ ಎಂದು ಅನೇಕ ವಿಜ್ಞಾನಿಗಳು ಭಾವಿಸುತ್ತಾರೆ. ಜಲಾಶಯದ ನೀರು ತನ್ನ ಭಾರದಿಂದ ತಳದ ಬಂಡೆಯನ್ನು ಒತ್ತುತ್ತದೆ. ಸ್ತರಭಂಗದ, ಅಂದರೆ ನೆಲದಾಳದ ಬಿರುಕಿನ, ಸಂದುಗಳಿಗೆ ಇಳಿದ ನೀರು, ಬಂಡೆಗಳನ್ನು ಜಾರದಂತೆ ಹಿಡಿದಿಟ್ಟ ಘರ್ಷಣೆಯನ್ನು ಸಡಿಲಿಸುತ್ತದೆ. ಗಟ್ಟಿ ನೆಲವೆಂದು ನಂಬಿದ್ದ ದಖನ್ ಅಲುಗಿದ ಮೇಲೆ, ದೇಶದ ಭೂಕಂಪ ವಲಯಗಳ ನಕ್ಷೆಯನ್ನೇ 1970ರಲ್ಲಿ ತಿದ್ದಬೇಕಾಯಿತು.

ಆ ನಸುಕಿನಲ್ಲಿ ಕೊಯ್ನಾ ಅಣೆಕಟ್ಟಿನ ಒಳಗೊಂದು ಕಂಪನಮಾಪಕ ಕೆಲಸ ಮಾಡುತ್ತಿತ್ತು. ಅದು ಗೀಚಿದ ಗೆರೆಗಳು ಅಮೆರಿಕದ ಬರ್ಕ್ಲಿಯಲ್ಲಿದ್ದ ಅನಿಲ್ ಚೋಪ್ರಾ ಮತ್ತು ಚಕ್ರವರ್ತಿ ಅವರ ಕೈಗೆ ಸಿಕ್ಕವು. ಅವರು ಗೋಡೆಯ ಅಡ್ಡಕೊಯ್ತವನ್ನು ಕಂಪ್ಯೂಟರಿನಲ್ಲಿ ಸಣ್ಣ ಸಣ್ಣ ತುಂಡುಗಳಾಗಿ ಬಿಡಿಸಿ, ಪ್ರತಿ ತುಂಡಿಗೂ ಅದರ ತೂಕ, ಬಿಗುವು ಕೊಟ್ಟು, ಆ ನಸುಕಿನ ಕಂಪನವನ್ನೇ ಮತ್ತೆ ಉಣಿಸಿದರು. ಗೋಡೆಯ ಹೊರಮೈಯ ಇಳಿಜಾರು ಥಟ್ಟನೆ ಬದಲಾಗುವ ಎತ್ತರದಲ್ಲಿ ಕಾಂಕ್ರೀಟ್ ತಾಳಲಾರದಷ್ಟು ಎಳೆತ ಕಂಡಿತು. ನಿಜವಾದ ಬಿರುಕೂ ಅಲ್ಲೇ ಇತ್ತು! 1973ರಲ್ಲಿ ಪ್ರಕಟವಾದ ಆ ಲೆಕ್ಕ ಇಂದಿಗೂ ಒರೆಗಲ್ಲು. ಅಣೆಕಟ್ಟುಗಳ ಹೊಸ ತಂತ್ರಾಂಶಗಳನ್ನು ಕೊಯ್ನಾದ ಮೇಲೇ ಪರೀಕ್ಷಿಸುತ್ತಾರೆ.

ಗೋಡೆಯಂತೆಯೇ ನೆಲದ ಬಾಗು–ಬಳುಕನ್ನೂ ಲೆಕ್ಕಕ್ಕೆ ತರುವ ಕೆಲಸ ಕರ್ನಾಟಕದಲ್ಲಿ ಬೇರೂರಿತು. 1988ರಲ್ಲಿ ಬೆಂಗಳೂರಿನಲ್ಲಿ ಸಿಎಸ್‌ಐಆರ್‌ನ ಗಣಿತ ಮಾದರಿ ಮತ್ತು ಕಂಪ್ಯೂಟರ್ ಸಿಮ್ಯುಲೇಶನ್ ಕೇಂದ್ರ ಶುರುವಾಯಿತು. ಅಲ್ಲಿನ ಭೂವಿಜ್ಞಾನಿ ವಿನೋದ್ ಗೌರ್ ಮತ್ತು ಸಂಗಡಿಗರು 19ನೇ ಶತಮಾನದ ಸರ್ವೆ ಕಲ್ಲುಗಳ ಜಾಗವನ್ನು ಜಿಪಿಎಸ್‌ನಿಂದ ಮತ್ತೆ ಅಳೆದು ಹಳೆಯ ಅಂಕಿಗಳೊಂದಿಗೆ ಹೋಲಿಸಿದರು. ದಕ್ಷಿಣ ಭಾರತದ ನೆಲ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ತೀರಾ ಕಡಿಮೆ ಹಿಗ್ಗಿ ಕುಗ್ಗಿದೆ ಎಂದು ತಿಳಿದುಬಂತು.

ಸೂಪಾ ಇರುವ ಉತ್ತರ ಕನ್ನಡ 2002ರ ಭೂಕಂಪ ವಲಯಗಳ ನಕ್ಷೆಯಲ್ಲಿ ಮಧ್ಯಮ ಅಪಾಯದ 3ನೇ ವಲಯಕ್ಕೆ ಸೇರಿತ್ತು. ಸೂಪಾ ತುಂಬಿದರೆ ಸುಮಾರು 147 ಟಿಎಂಸಿ ನೀರು. ಒಂದು ಟಿಎಂಸಿಯ ತೂಕವೇ 2.83 ಕೋಟಿ ಟನ್. ಅಂದರೆ 400 ಕೋಟಿ ಟನ್‌ಗೂ ಮಿಕ್ಕ ಭಾರ! ಮಳೆಗಾಲದಲ್ಲಿ ಅದು ಕಾಳಿ ಕಣಿವೆಯ ಮೇಲೆ ಏರುತ್ತದೆ, ಬೇಸಿಗೆಯ ಹೊತ್ತಿಗೆ ಇಳಿಯುತ್ತದೆ. ಕೆಳಗೆ, ಅದೇ ನದಿಯ ದಂಡೆಯಲ್ಲಿ, ದಾಂಡೇಲಿ ಇದೆ.