ಕಂಡ ಆಟ, ಎಣಿಸಿದ ತಪ್ಪು: ಅಮೆರಿಕದ ಕಾಲೇಜು ಫುಟ್‌ಬಾಲ್ ಅಭಿಮಾನಿಗಳ ಪಕ್ಷಪಾತಕ್ಕಿರುವ ಎಲ್ಲೆ

ತಮ್ಮ ಕಾಲೇಜಿನ ತಂಡ ಆಡುವಾಗ ಅಭಿಮಾನಿಗಳು ಮೈದಾನದಲ್ಲಿ ನಡೆದದ್ದನ್ನು ಕಾಣುತ್ತಾರೆಯೇ ಅಥವಾ ಕಾಣಬಯಸಿದ್ದನ್ನು ಕಾಣುತ್ತಾರೆಯೇ ಎಂಬ ಪ್ರಶ್ನೆಗೆ ಸಾಮಾಜಿಕ ಮನೋವಿಜ್ಞಾನದಲ್ಲಿ ಬಹುಕಾಲದಿಂದ ಒಂದು ಸಿದ್ಧ ಉತ್ತರವಿದೆ. ಆಲ್ಬರ್ಟ್ ಹೇಸ್ಟಾರ್ಫ್ ಮತ್ತು ಹ್ಯಾಡ್ಲಿ ಕ್ಯಾಂಟ್ರಿಲ್ ಅವರು 1954ರಲ್ಲಿ ಪ್ರಕಟಿಸಿದ ‘ದೇ ಸಾ ಎ ಗೇಮ್’ ಎಂಬ ಪ್ರಬಂಧವು, ನೋಡುವವರಿಂದ ಹೊರಗೆ ಸ್ವತಂತ್ರವಾಗಿ ಇರುವ ‘ಆಟ’ ಎಂಬುದೊಂದಿಲ್ಲ, ಪ್ರತಿಯೊಬ್ಬ ಪ್ರೇಕ್ಷಕನಿಗೂ ಅವನ ಉದ್ದೇಶ ಮತ್ತು ನಿಷ್ಠೆಗಳು ಅರ್ಥ ಕೊಟ್ಟ ಘಟನೆಗಳಷ್ಟೇ ಆಟವಾಗುತ್ತವೆ ಎಂದು ವಾದಿಸಿತು. ಈ ತೀರ್ಮಾನವು ಅದೇ ಪ್ರಬಂಧದ ಅಂಕಿಅಂಶಗಳಿಂದ ಪೂರ್ಣವಾಗಿ ಸಿದ್ಧಿಸುವುದಿಲ್ಲವೆಂದು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಲ್ಲಿ ಫುಟ್‌ಬಾಲ್ ಎಂದರೆ ಕನ್ನಡ ಓದುಗರಿಗೆ ಪರಿಚಿತವಾದ ಕಾಲ್ಚೆಂಡಾಟವಲ್ಲ; ಮೊನಚು ತುದಿಗಳ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಆಟ. ಚೆಂಡು ಹೊಂದಿದ ತಂಡಕ್ಕೆ ಹತ್ತು ಗಜ ಮುನ್ನಡೆಯಲು ‘ಡೌನ್’ ಎಂದು ಕರೆಯುವ ನಾಲ್ಕು ಅವಕಾಶಗಳಿರುತ್ತವೆ, ಪ್ರತಿ ಡೌನ್ ಕೆಲವೇ ಸೆಕೆಂಡುಗಳಲ್ಲಿ ಮುಗಿದು ಆಟ ನಿಲ್ಲುತ್ತದೆ, ಎದುರಾಳಿಯ ಕೊನೆಯ ಗೆರೆಯಾಚೆ ಚೆಂಡನ್ನು ಒಯ್ದರೆ ‘ಟಚ್‌ಡೌನ್’ ಆಗಿ ಆರು ಅಂಕ ಸಿಗುತ್ತದೆ. ಹೀಗೆ ಬಿಡಿಬಿಡಿಯಾಗಿ ಸಾಗುವ ಆಟವಾದ್ದರಿಂದ ಅಭಿಮಾನಿಗಳ ಪ್ರತಿಕ್ರಿಯೆಯೂ ಪ್ರತಿ ನಡೆಗೊಮ್ಮೆ ಏರಿ ಇಳಿಯುತ್ತದೆ.

ಪಂದ್ಯದ ನಂತರದ ಅಭಿಮಾನಿ ವರ್ತನೆಯ ಬಗ್ಗೆ ವಿದ್ವಾಂಸರಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಧ್ಯಯನವು, ತಂಡ ಗೆದ್ದ ವಾರಾಂತ್ಯದ ಮರು ಸೋಮವಾರ ವಿದ್ಯಾರ್ಥಿಗಳು ವಿಶ್ವವಿದ್ಯಾಲಯದ ಹೆಸರು ಹೊತ್ತ ಉಡುಪುಗಳನ್ನು ಹೆಚ್ಚಾಗಿ ತೊಡುವುದನ್ನೂ, ಗೆಲುವನ್ನು ವರ್ಣಿಸುವಾಗ ‘ನಾವು’ ಎಂಬ ಪದ ಹೆಚ್ಚು ಬಳಸುವುದನ್ನೂ ದಾಖಲಿಸಿತು. ಸೋಲಿನಿಂದ ದೂರ ಸರಿಯುವ ಪ್ರವೃತ್ತಿಯನ್ನು ಸಿ. ಆರ್. ಸ್ನೈಡರ್ ಮತ್ತು ಸಂಗಡಿಗರು 1986ರಲ್ಲಿ ಗುರುತಿಸಿದರು. ಇವೆಲ್ಲವೂ ಫಲಿತಾಂಶ ತಿಳಿದ ಮೇಲಿನ ಮಾತು. ವಿವಾದವಿರುವುದು ಆಟ ನಡೆಯುತ್ತಿರುವಾಗಿನ ಗ್ರಹಿಕೆಯ ಬಗ್ಗೆ.

ಹೇಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಆರಿಸಿಕೊಂಡದ್ದು 1951ರ ನವೆಂಬರ್‌ನಲ್ಲಿ ಪ್ರಿನ್ಸ್‌ಟನ್ನಿನ ಪಾಮರ್ ಕ್ರೀಡಾಂಗಣದಲ್ಲಿ ಡಾರ್ಟ್‌ಮತ್ ಮತ್ತು ಪ್ರಿನ್ಸ್‌ಟನ್ ನಡುವೆ ನಡೆದ ಪಂದ್ಯವನ್ನು. ಆ ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಸಲ್ಲುವ ಹೈಸ್‌ಮನ್ ಪ್ರಶಸ್ತಿಗೆ ಪಾತ್ರನಾದ ಪ್ರಿನ್ಸ್‌ಟನ್ನಿನ ಡಿಕ್ ಕಾಜ್ಮೈಯರ್ ಎರಡನೆಯ ಕಾಲಭಾಗದಲ್ಲಿ ಮೂಗು ಮುರಿದು ಹೊರಹೋದ. ಮೂರನೆಯದರಲ್ಲಿ ಡಾರ್ಟ್‌ಮತ್ ಆಟಗಾರನೊಬ್ಬನ ಕಾಲು ಮುರಿಯಿತು. ಪ್ರಿನ್ಸ್‌ಟನ್ 13–0ರಿಂದ ಗೆದ್ದಿತಾದರೂ ಎರಡೂ ಕಾಲೇಜುಗಳ ಪತ್ರಿಕೆಗಳಲ್ಲಿ ಒರಟಾಟದ ಹೊಣೆಯ ಕುರಿತು ಕಟು ವಾಗ್ವಾದ ನಡೆಯಿತು. ಸಂಶೋಧಕರು ವಾರದ ನಂತರ ಎರಡೂ ಕಡೆಯ ವಿದ್ಯಾರ್ಥಿಗಳಿಗೆ ಪ್ರಶ್ನಾವಳಿ ಕೊಟ್ಟರು. ಬಳಿಕ ಡಾರ್ಟ್‌ಮತ್ತಿನ 48 ಮತ್ತು ಪ್ರಿನ್ಸ್‌ಟನ್ನಿನ 49 ವಿದ್ಯಾರ್ಥಿಗಳಿಗೆ ಪಂದ್ಯದ ಒಂದೇ ಚಲನಚಿತ್ರವನ್ನು ತೋರಿಸಿ, ಕಂಡ ನಿಯಮಭಂಗಗಳನ್ನು ‘ಸೌಮ್ಯ’ ಅಥವಾ ‘ಘೋರ’ ಎಂದು ವಿಂಗಡಿಸಿ ಗುರುತಿಸಲು ಕೇಳಿದರು. ಡಾರ್ಟ್‌ಮತ್ ತಂಡ ಎಸಗಿದ ತಪ್ಪುಗಳು ಪ್ರಿನ್ಸ್‌ಟನ್ ವಿದ್ಯಾರ್ಥಿಗಳಿಗೆ ಸರಾಸರಿ 9.8ರಷ್ಟು ಕಂಡರೆ, ಡಾರ್ಟ್‌ಮತ್ ವಿದ್ಯಾರ್ಥಿಗಳಿಗೆ ಕಂಡದ್ದು 4.3 ಮಾತ್ರ. ಮುಂದಿನವರು ಎಡೆಬಿಡದೆ ಉದ್ಧರಿಸುತ್ತ ಬಂದದ್ದು ಈ ಎರಡು ಸಂಖ್ಯೆಗಳನ್ನೇ.

ಆದರೆ ಅದೇ ಕೋಷ್ಟಕದಲ್ಲಿ ಇನ್ನೆರಡು ಸಂಖ್ಯೆಗಳಿವೆ. ಪ್ರಿನ್ಸ್‌ಟನ್ ತಂಡದ ತಪ್ಪುಗಳನ್ನು ಅದರ ವಿದ್ಯಾರ್ಥಿಗಳು 4.2 ಎಂದೂ, ಎದುರಾಳಿ ಕಾಲೇಜಿನ ವಿದ್ಯಾರ್ಥಿಗಳು 4.4 ಎಂದೂ ಎಣಿಸಿದರು. ನಿಷ್ಠೆಯೊಂದೇ ಆಟವನ್ನು ಕಟ್ಟುವುದಾದರೆ ಡಾರ್ಟ್‌ಮತ್ ಕಡೆಯವರು ಪ್ರಿನ್ಸ್‌ಟನ್ ತಂಡದಲ್ಲಿ ತಪ್ಪುಗಳ ರಾಶಿಯನ್ನೇ ಕಾಣಬೇಕಿತ್ತು; ಅವರ ಆಟಗಾರನ ಕಾಲು ಮುರಿದಿದ್ದು, ತಂಡವೂ ಸೋತಿದ್ದರಿಂದ ಅದಕ್ಕೆ ಕಾರಣಗಳೂ ಇದ್ದವು. ಹಾಗಾಗಲಿಲ್ಲ. ನಾಲ್ಕು ಮನೆಗಳ ಕೋಷ್ಟಕದಲ್ಲಿ ಮೂರು ಮನೆಗಳು ಸರಿಸುಮಾರು ಒಂದೇ ಆಗಿದ್ದು ಒಂದು ಮಾತ್ರ ಎದ್ದು ಕಾಣುತ್ತಿರುವಾಗ, ಎರಡು ಕಡೆಯವರು ಎರಡು ಬೇರೆ ಆಟಗಳನ್ನು ಕಂಡರು ಎನ್ನುವುದು ಸಾಕ್ಷ್ಯವನ್ನು ಮೀರಿದ ಮಾತಾಗುತ್ತದೆ.

ತಪ್ಪುಗಳ ತೀವ್ರತೆಯ ವಿಂಗಡಣೆ ಇನ್ನೂ ಮುಖ್ಯವಾದದ್ದು. ಡಾರ್ಟ್‌ಮತ್ ತಂಡದ ತಪ್ಪುಗಳಲ್ಲಿ ಘೋರ ಮತ್ತು ಸೌಮ್ಯದ ಪ್ರಮಾಣ ಪ್ರಿನ್ಸ್‌ಟನ್ ವಿದ್ಯಾರ್ಥಿಗಳಿಗೆ ಸುಮಾರು ಎರಡಕ್ಕೆ ಒಂದು, ತಮ್ಮ ತಂಡದಲ್ಲಿ ಒಂದಕ್ಕೆ ಮೂರು. ಡಾರ್ಟ್‌ಮತ್ ವಿದ್ಯಾರ್ಥಿಗಳಿಗೆ ತಮ್ಮ ತಂಡದಲ್ಲಿ ಅದು ಒಂದಕ್ಕೆ ಒಂದು, ಪ್ರಿನ್ಸ್‌ಟನ್ ತಂಡದಲ್ಲಿ ಒಂದಕ್ಕೆ ಎರಡು. ಅಂದರೆ ಡಾರ್ಟ್‌ಮತ್ ಕಡೆಯವರೂ ತಮ್ಮ ತಂಡದ ತಪ್ಪುಗಳನ್ನೇ ಎದುರಾಳಿಯ ತಪ್ಪುಗಳಿಗಿಂತ ಘೋರವೆಂದು ಒಪ್ಪಿದ್ದಾರೆ. ಪ್ರಶ್ನಾವಳಿಯ ಉತ್ತರಗಳೂ ಇದಕ್ಕೆ ಪೂರಕವಾಗಿವೆ: ಒರಟಾಟವನ್ನು ಆರಂಭಿಸಿದ್ದು ತಮ್ಮ ತಂಡವೇ ಎಂದವರು ಡಾರ್ಟ್‌ಮತ್‌ನಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿದ್ದರು. ಎದುರುಬದುರಾದ ನಿಷ್ಠೆಗಳ ಎರಡು ಗುಂಪುಗಳು ಪ್ರಮಾಣದಲ್ಲಿ ಬೇರೆಯಾದರೂ ಒಂದೇ ದಿಕ್ಕಿಗೆ ವಾಲಿದ್ದರೆ, ಆ ವಾಲಿಕೆಗೆ ಕಾರಣವಾದ ಏನೋ ಒಂದು ಮೈದಾನದಲ್ಲಿಯೇ ಇದ್ದಿರಬೇಕು.

ಈ ವಾದಕ್ಕೆ ಆಕ್ಷೇಪಗಳು ಸಾಧ್ಯ. ಡಾರ್ಟ್‌ಮತ್ ವಿದ್ಯಾರ್ಥಿಗಳು ಅಷ್ಟು ಹೊತ್ತಿಗೆ ಪತ್ರಿಕೆಗಳಲ್ಲಿ ತಮ್ಮ ತಂಡದ ಮೇಲೆ ಬಂದ ದೂರುಗಳನ್ನು ಓದಿಕೊಂಡಿದ್ದು, ಅದರ ಒತ್ತಡದಲ್ಲಿ ನ್ಯಾಯನಿಷ್ಠುರರಂತೆ ಕಾಣಲು ಬಯಸಿ ಎರಡೂ ತಂಡಗಳಿಗೆ ಸಮನಾಗಿ ಅಂಕ ಹಾಕಿರಬಹುದು. ಅದೂ ನಿಷ್ಠೆಯ ಇನ್ನೊಂದು ರೂಪವೇ. ಪ್ರೇಕ್ಷಕರ ಸಂಖ್ಯೆ ಚಿಕ್ಕದು ಎಂಬುದನ್ನೂ ಮರೆಯುವಂತಿಲ್ಲ. ಆದ್ದರಿಂದ ಇಲ್ಲಿ ಮಂಡಿಸುವ ನಿಲುವು ಸೀಮಿತವಾದದ್ದು: ಅಭಿಮಾನಿಗಳ ಪಕ್ಷಪಾತವು ಘಟನೆಯ ಗ್ರಹಿಕೆಗಿಂತ ಹೊಣೆಯ ನಿರ್ಣಯದಲ್ಲಿ, ಅಂದರೆ ಏನಾಯಿತು ಎಂಬುದಕ್ಕಿಂತ ಯಾರ ತಪ್ಪು, ಎಷ್ಟು ದೊಡ್ಡ ತಪ್ಪು ಎಂಬುದರಲ್ಲಿ, ಹೆಚ್ಚು ಬಲವಾಗಿ ಕೆಲಸ ಮಾಡುವಂತೆ ತೋರುತ್ತದೆ. ಎರಡರ ನಡುವಿನ ಗೆರೆ ಎಲ್ಲ ಸಂದರ್ಭಗಳಲ್ಲಿಯೂ ಸ್ಪಷ್ಟವಾಗಿರುವುದಿಲ್ಲ; ಚೆಂಡು ನೆಲಕ್ಕೆ ತಾಗುವ ಮುನ್ನ ಕೈಗೆ ಸಿಕ್ಕಿತೇ ಇಲ್ಲವೇ ಎಂಬಂಥ ನಡೆಯಲ್ಲಿ ಘಟನೆಯೇ ವಿವಾದದ ವಸ್ತುವಾಗುತ್ತದೆ.

ಕ್ರೀಡಾಂಗಣದ ಪ್ರತಿಕ್ರಿಯೆಗಳ ಸ್ವರೂಪವೂ ಈ ನಿಲುವಿಗೆ ಪುಷ್ಟಿ ಕೊಡುತ್ತದೆ. ತಮ್ಮ ತಂಡ ಚೆಂಡು ಹೊಂದಿದ್ದಾಗ ಅಭಿಮಾನಿಗಳು ಸದ್ದಡಗಿಸಿ ಕೂರುತ್ತಾರೆ. ಎದುರಾಳಿಗಳ ಸರದಿಯಲ್ಲಿ, ಅದರಲ್ಲೂ ಮೂರನೆಯ ಡೌನ್‌ನಲ್ಲಿ, ಆಟ ಆರಂಭದ ಕೂಗು ಅವರ ಆಟಗಾರರಿಗೆ ಕೇಳಿಸದಂತೆ ಅಬ್ಬರಿಸುತ್ತಾರೆ, ಅದರಿಂದ ಗಲಿಬಿಲಿಗೊಂಡವನು ಮೊದಲೇ ಕದಲಿದರೆ ಐದು ಗಜಗಳ ದಂಡ ಬೀಳುತ್ತದೆ. ಇದು ಬರಿಯ ಭಾವೋದ್ರೇಕವಲ್ಲ, ಎರಡೂ ಕಡೆಯವರು ಸಮಾನವಾಗಿ ಬಲ್ಲ ಪರಿಸ್ಥಿತಿಯನ್ನು ಓದಿಕೊಂಡು ಮಾಡುವ ಕ್ರಿಯೆ. ಚೆಂಡು ಯಾರ ಬಳಿಯಿದೆ, ಎಷ್ಟನೆಯ ಡೌನ್, ಎಷ್ಟು ಗಜ ಬಾಕಿ ಎಂಬುದರಲ್ಲಿ ಒಮ್ಮತವಿಲ್ಲದಿದ್ದರೆ ಸಾವಿರಾರು ಜನ ಒಂದೇ ಕ್ಷಣಕ್ಕೆ ಮೌನದಿಂದ ಅಬ್ಬರಕ್ಕೆ ಹೊರಳುವುದು ಸಾಧ್ಯವಾಗದು.

ಇದಕ್ಕೆ ಯಂತ್ರವೊಂದರ ಸಾಕ್ಷ್ಯವೂ ಇದೆ. 1988ರ ಅಕ್ಟೋಬರ್ 8ರಂದು ಬ್ಯಾಟನ್ ರೂಜ್‌ನ ಟೈಗರ್ ಕ್ರೀಡಾಂಗಣದಲ್ಲಿ ಆಬರ್ನ್ ವಿರುದ್ಧ ಹಿಂದೆ ಬಿದ್ದಿದ್ದ ಲೂಯಿಸಿಯಾನ ಸ್ಟೇಟ್ ತಂಡದ ಟಾಮಿ ಹಾಡ್ಸನ್, ಪಂದ್ಯ ಮುಗಿಯಲು ಎರಡು ನಿಮಿಷಕ್ಕೂ ಕಡಿಮೆ ಇರುವಾಗ, ನಾಲ್ಕನೆಯ ಡೌನ್‌ನಲ್ಲಿ ಎಡ್ಡಿ ಫುಲ್ಲರ್‌ಗೆ ಹನ್ನೊಂದು ಗಜದ ಎಸೆತದಿಂದ ಟಚ್‌ಡೌನ್ ದೊರಕಿಸಿದ. ತಂಡ 7–6ರಿಂದ ಗೆದ್ದಿತು. ಆಗ ಎದ್ದ ಜನಸ್ತೋಮದ ಕಂಪನವನ್ನು ಅದೇ ವಿಶ್ವವಿದ್ಯಾಲಯದ ಭೂಕಂಪಮಾಪಕ ದಾಖಲಿಸಿತು. ಆ ಗೆರೆ ಹರ್ಷವನ್ನು ಮಾತ್ರ ಬರೆದುಕೊಂಡಿದೆ ನಿಜ; ಆಬರ್ನ್ ಕಡೆಯವರ ನಿರಾಶೆ ನೆಲವನ್ನು ನಡುಗಿಸಲಿಲ್ಲ. ಆದರೂ ಹರ್ಷ, ನಿರಾಶೆಗಳೆರಡಕ್ಕೂ ಕಾರಣವಾದದ್ದು ಅದೊಂದೇ ಎಸೆತ.

1951ರ ದತ್ತಾಂಶವು ಬಿಡಿಸಲಾರದ ಒಂದು ಗಂಟು ಉಳಿಯುತ್ತದೆ. 9.8 ಎಂಬ ಸಂಖ್ಯೆಗೆ ಕಾಜ್ಮೈಯರ್‌ಗೆ ಆದ ಪೆಟ್ಟು ಕಾರಣವೇ, ನಂತರದ ಪತ್ರಿಕಾ ವಾಗ್ವಾದ ಕಾರಣವೇ ಎಂದು ಹೇಳಲಾಗದು, ಏಕೆಂದರೆ ಎಣಿಕೆ ನಡೆದದ್ದು ಎರಡೂ ಆದ ಮೇಲೆ. ಇದನ್ನು ಇತ್ಯರ್ಥಪಡಿಸಲು ಚಲನಚಿತ್ರ ಸಾಲದು. ಪೆಟ್ಟು ಬಿದ್ದ ಕ್ಷಣಕ್ಕೂ ಅಂಪೈರ್‌ಗಳ ತೀರ್ಪಿಗೂ ನಡುವಿನ ಕೆಲವು ಸೆಕೆಂಡುಗಳಲ್ಲಿ ಎರಡೂ ಕಡೆಯ ಆಸನಸಾಲುಗಳಿಂದ ಏಳುವ ಸದ್ದನ್ನು ಬೇರೆಬೇರೆಯಾಗಿ ದಾಖಲಿಸಿ ಹೋಲಿಸಬೇಕಾಗುತ್ತದೆ. ಆ ಮೊದಲ ಸದ್ದಿನಲ್ಲಿಯೇ ಎರಡು ಕಡೆಯವರೂ ಬೇರೆಯಾಗುತ್ತಾರೆ ಎಂದು ಕಂಡುಬಂದರೆ, ಇಲ್ಲಿ ಮಂಡಿಸಿದ ವಿಂಗಡಣೆಯನ್ನು ತಿದ್ದಿಕೊಳ್ಳಬೇಕಾಗುತ್ತದೆ.