ಕಿರಿದಾದ ಕಾಲುವೆ, ಉಳಿದ ದೃಷ್ಟಿ: ಕಪಾಲದ ಫೈಬ್ರಸ್ ಡಿಸ್ಪ್ಲೇಸಿಯಾದಲ್ಲಿ ಶಸ್ತ್ರಚಿಕಿತ್ಸೆಯ ಪ್ರಶ್ನೆ

ಫೈಬ್ರಸ್ ಡಿಸ್ಪ್ಲೇಸಿಯಾದಲ್ಲಿ ಸಹಜ ಮೂಳೆಯ ಜಾಗವನ್ನು ನಾರಿನಂಥ ಅಂಗಾಂಶವೂ ಬಲಿಯದ ಮೂಳೆಯೂ ಆಕ್ರಮಿಸುತ್ತವೆ. ಭ್ರೂಣ ರೂಪುಗೊಳ್ಳುವಾಗ ಒಂದು ಜೀವಕೋಶದ ಜಿಎನ್‌ಎಎಸ್ ವಂಶವಾಹಿಯಲ್ಲಾಗುವ ಬದಲಾವಣೆ ಇದರ ಮೂಲ. ಇದು ತಂದೆತಾಯಿಯಿಂದ ಬಂದದ್ದಲ್ಲ. ನಮ್ಮ ಕಡೆ ಒಡನೆಯೇ ದೂರಿಗೆ ಗುರಿಯಾಗುವ ಸೋದರಮಾವನೊಂದಿಗಿನ ಮದುವೆಯ ಸಂಬಂಧಕ್ಕೂ ಇದಕ್ಕೂ ನಂಟಿಲ್ಲ. ರೋಗವು ಕಪಾಲದ ತಳದ ಸ್ಫೀನಾಯ್ಡ್ ಮೂಳೆಯನ್ನು ಹಿಡಿದಾಗ, ದೃಷ್ಟಿನರ ಹಾದುಹೋಗುವ ಕಾಲುವೆ ಕಿರಿದಾಗುತ್ತದೆ. ಸಿ.ಟಿ. ಸ್ಕ್ಯಾನ್‌ನಲ್ಲಿ ಇದನ್ನು ಕಂಡವರಿಗೆ ಕುರುಡುತನ ಬಂದೇ ಬರುತ್ತದೆ, ಮೊದಲೇ ಮೂಳೆ ಕೆತ್ತಿಬಿಡೋಣ ಎನ್ನಿಸುವುದು ಸಹಜ. ಆದರೆ ಸ್ಕ್ಯಾನಿನ ಚಿತ್ರವೊಂದೇ ಶಸ್ತ್ರಚಿಕಿತ್ಸೆಗೆ ಸಾಕಷ್ಟು ಕಾರಣವಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಂಡ 38 ರೋಗಿಗಳನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನರವನ್ನು ಮೂಳೆ ಪೂರ್ತಿ ಸುತ್ತುವರಿದಿದ್ದರೂ ಬಹುತೇಕ ಕಣ್ಣುಗಳ ದೃಷ್ಟಿ ಚೆನ್ನಾಗಿಯೇ ಇತ್ತು. ನಿಧಾನವಾಗಿ ಬೆಳೆಯುವ ಮೂಳೆಗೆ ನರ ಹೊಂದಿಕೊಳ್ಳುತ್ತದೆ ಎಂದು ಇದರಿಂದ ಊಹಿಸಬಹುದು. ದೃಷ್ಟಿ ಸರಿಯಿರುವ ಕಣ್ಣಿನಲ್ಲಿ ಕಾಲುವೆಯನ್ನು ಅಗಲಗೊಳಿಸಹೋದರೆ ನರಕ್ಕೇ ಪೆಟ್ಟಾಗಬಹುದು. ತೆಗೆದ ಮೂಳೆ ಮತ್ತೆ ಬೆಳೆಯುವುದೂ ಉಂಟು.

ಆದರೆ ಕಾಯುವುದೆಂದರೆ ಸುಮ್ಮನಿರುವುದಲ್ಲ. ಈ ಮೂಳೆರೋಗದೊಂದಿಗೆ ಹಾರ್ಮೋನಿನ ಏರುಪೇರೂ ಇರುವ ಮೆಕ್ಯೂನ್-ಆಲ್ಬ್ರೈಟ್ ಲಕ್ಷಣಕೂಟದವರಲ್ಲಿ, ಬೆಳವಣಿಗೆಯ ಹಾರ್ಮೋನು ಅತಿಯಾಗಿ ಸ್ರವಿಸಿದರೆ ದೃಷ್ಟಿಹಾನಿಯ ಅಪಾಯ ಹೆಚ್ಚು. ಅಲ್ಲಿ ಆ ಹಾರ್ಮೋನನ್ನು ತಗ್ಗಿಸುವ ಚಿಕಿತ್ಸೆಯೇ ಕಣ್ಣಿನ ರಕ್ಷಣೆ. ರೋಗಗ್ರಸ್ತ ಮೂಳೆಯೊಳಗೆ ರಕ್ತ ತುಂಬಿದ ಗುಳ್ಳೆಯೆದ್ದರೆ ದೃಷ್ಟಿ ಕೆಲವೇ ದಿನಗಳಲ್ಲಿ ಕುಸಿಯಬಹುದು. ಅಂಥವರಿಗೆ ತುರ್ತು ಶಸ್ತ್ರಚಿಕಿತ್ಸೆ ಬೇಕು, ತಡ ಸಲ್ಲದು.

ಉಳಿದವರ ಕಣ್ಣನ್ನು ವರ್ಷವರ್ಷವೂ ಪರೀಕ್ಷಿಸುತ್ತ ಕಾಯುವುದಕ್ಕೆ ಬರುವ ಗಟ್ಟಿ ಆಕ್ಷೇಪ ವೈದ್ಯಶಾಸ್ತ್ರದ್ದಲ್ಲ, ದಾರಿಯದು. ಹುಬ್ಬಳ್ಳಿಯ ವಿದ್ಯಾನಗರದಲ್ಲಿ 1957ರಲ್ಲಿ ಆರಂಭವಾದ, ಜನ ಇಂದಿಗೂ ಕಿಮ್ಸ್ ಎನ್ನುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹಾವೇರಿ, ಗದಗ, ಕೊಪ್ಪಳದ ಕಡೆಯಿಂದಲೂ ರೋಗಿಗಳು ಬರುತ್ತಾರೆ. ಕೂಲಿ ಬಿಟ್ಟು ವರ್ಷವರ್ಷವೂ ಬರಲಾರದವರಿಗೆ ಒಮ್ಮೆಲೇ ಆಪರೇಷನ್ ಮುಗಿಸುವುದೇ ಕರುಣೆಯಲ್ಲವೇ ಎಂಬ ವಾದವನ್ನು ತಳ್ಳಿಹಾಕಲಾಗದು. ಆದರೆ ಆಪರೇಷನ್ ಆದವರನ್ನೂ ವರ್ಷವರ್ಷ ನೋಡಲೇಬೇಕು. ಬಸ್ ಖರ್ಚು ಅದರಿಂದ ಉಳಿಯುವುದಿಲ್ಲ. ಹಾಗಾಗಿ ಪರೀಕ್ಷೆಯೇ ರೋಗಿಯ ಊರಿನ ಹತ್ತಿರ ಹೋಗಬೇಕು. ಅಕ್ಷರಫಲಕದ ಓದು, ಬಣ್ಣ ಗುರುತಿಸುವ ಇಶಿಹಾರಾ ಪುಸ್ತಕ, ಪಾಪೆಯ ಮೇಲೆ ಟಾರ್ಚಿನ ಬೆಳಕು ಇವಿಷ್ಟನ್ನು ತಾಲ್ಲೂಕು ಆಸ್ಪತ್ರೆಯ ನೇತ್ರಾಧಿಕಾರಿ ಮಾಡಬಲ್ಲರು. ಪ್ರತಿ ಸಲದ ಫಲಿತಾಂಶವನ್ನು ರೋಗಿಯ ಕೈಯಲ್ಲಿರುವ ಒಂದೇ ಚೀಟಿಯಲ್ಲಿ ಬರೆದುಕೊಡಬೇಕು. ಹಿಂದಿನದಕ್ಕಿಂತ ಇಳಿಕೆ ಕಂಡ ದಿನವೇ ಅವರನ್ನು ವಿದ್ಯಾನಗರಕ್ಕೆ ಕಳಿಸಬೇಕು.