ಲೀಗಿನ ಹೊಸ್ತಿಲಾಚೆ

2019ರ ಮೇ 18ರಂದು ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಮ್ಯಾಂಚೆಸ್ಟರ್ ಸಿಟಿ ತಂಡ ವಾಟ್‌ಫರ್ಡನ್ನು 6–0ಯಿಂದ ಮಣಿಸಿ ಎಫ್.ಎ. ಕಪ್ ಗೆದ್ದಿತು. ಆ ಕಪ್ಪಿನ ಫೈನಲ್‌ನಲ್ಲಿ ಅಷ್ಟು ದೊಡ್ಡ ಅಂತರದ ಗೆಲುವು ಅದಕ್ಕೂ ಮೊದಲು ಒಂದೇ ಸಲ ಆಗಿತ್ತು. 1903ರಲ್ಲಿ ಬೆರಿ ಎಂಬ ಊರಿನ ತಂಡ ಡರ್ಬಿ ಕೌಂಟಿಗೆ ಇದೇ ಆರು ಗೋಲು ಹೊಡೆದಿತ್ತು. ಬೆರಿ ಇರುವುದು ಮ್ಯಾಂಚೆಸ್ಟರಿನ ಉತ್ತರಕ್ಕೆ, ನಗರದ ಟ್ರಾಮ್ ಹತ್ತಿ ಹೋಗಿಬರುವಷ್ಟು ದೂರದಲ್ಲಿ. ಒಂದು ಕಾಲದ ಹತ್ತಿ ಗಿರಣಿಗಳ ಊರು. ಅದರ ದಾಖಲೆಯನ್ನು ನೆರೆಯ ಶ್ರೀಮಂತ ತಂಡ ಸರಿಗಟ್ಟಿದ ಮೂರೇ ತಿಂಗಳಿಗೆ, ಆಗಸ್ಟ್ 27ರಂದು, 1894ರಿಂದ ಲೀಗಿನಲ್ಲಿದ್ದ ಬೆರಿ ಕ್ಲಬ್ಬನ್ನು ಇಂಗ್ಲಿಷ್ ಫುಟ್‌ಬಾಲ್ ಲೀಗ್ ಹೊರಹಾಕಿತು. ಆ ದಿನ ನೂರಾರು ಅಭಿಮಾನಿಗಳು ಪೊರಕೆ, ಬಕೆಟ್ಟು, ಒರೆಸುವ ಬಟ್ಟೆ ಹಿಡಿದು ಗಿಗ್ ಲೇನ್ ಮೈದಾನಕ್ಕೆ ಬಂದಿದ್ದರು. ಕ್ಲಬ್ಬನ್ನು ಕೊಳ್ಳುವವರು ಸಿಕ್ಕಿದ್ದಾರೆ, ಶನಿವಾರ ಪಂದ್ಯ ನಡೆದೇ ನಡೆಯುತ್ತದೆ ಎಂದು ನಂಬಿ ಸೀಟುಗಳ ಧೂಳು ಒರೆಸಿದರು, ಮೆಟ್ಟಿಲು ಗುಡಿಸಿದರು. ಅಂದೇ ಆ ಖರೀದಿ ಮುರಿದುಬಿತ್ತು. ರಾತ್ರಿ ಹೊತ್ತಿಗೆ ಅವರು ಗುಡಿಸಿಟ್ಟ ಮೈದಾನಕ್ಕೆ ಆಡುವ ತಂಡವೇ ಇರಲಿಲ್ಲ.

ಇಂಥ ಸುದ್ದಿ ಬಂದಾಗಲೆಲ್ಲ ಇಂಗ್ಲೆಂಡಿನ ಫುಟ್‌ಬಾಲ್ ಅಭಿಮಾನಿಗಳ ನಡುವೆ ಒಂದು ಹಳೆಯ ಜಗಳ ಮತ್ತೆ ಹೊತ್ತಿಕೊಳ್ಳುತ್ತದೆ. ಗೆದ್ದವರು ಬೆಳೆಯುತ್ತಾರೆ, ಸೋತವರು ಸೊರಗುತ್ತಾರೆ, ಆಟ ಎಂದಮೇಲೆ ಇದು ಇದ್ದದ್ದೇ ಎಂದು ದೊಡ್ಡ ಕ್ಲಬ್ಬುಗಳ ಕಡೆಯವರು ಹೇಳುತ್ತಾರೆ. ಊರಿಗೆ ಊರೇ ಬಡವಾಯಿತು ಎಂದು ಸಣ್ಣ ಕ್ಲಬ್ಬುಗಳ ಕಡೆಯವರು ಮರುಗುತ್ತಾರೆ. ಮರುಕ ಬಿಟ್ಟು ಲೆಕ್ಕವನ್ನೇ ನೋಡಿದರೂ ಮೊದಲ ಮಾತು ನಿಲ್ಲುವುದಿಲ್ಲ ಎಂಬುದು ನನ್ನ ವಾದ. ಮೇಲಿನವರಿಗೂ ಕೆಳಗಿನವರಿಗೂ ನಡುವೆ ಇಂದು ಕಾಣುವ ಕಂದಕವನ್ನು ಆಟ ತೋಡಿದ್ದಕ್ಕಿಂತ ಸಭೆಗಳು ತೋಡಿದ್ದೇ ಹೆಚ್ಚು. ಯಾರು ಒಳಗಿರಬೇಕು, ಗೇಟಿನಲ್ಲಿ ಬಂದ ಹಣ ಯಾರ ಪಾಲಾಗಬೇಕು ಎಂದು ನಿರ್ಧರಿಸಿದ್ದು ಕ್ಲಬ್ಬುಗಳ ಅಧ್ಯಕ್ಷರು. ನಿರ್ಧರಿಸಿದ ತಾರೀಖುಗಳೂ ನಮ್ಮ ಮುಂದಿವೆ.

ಆಸ್ಟನ್ ವಿಲ್ಲಾ ಕ್ಲಬ್ಬಿನ ವಿಲಿಯಂ ಮೆಕ್‌ಗ್ರೆಗರ್ 1888ರಲ್ಲಿ ಲೀಗ್ ಕಟ್ಟಿದಾಗ ಸೇರಿದ್ದು ಹನ್ನೆರಡು ಕ್ಲಬ್ಬುಗಳು, ಎಲ್ಲವೂ ಲ್ಯಾಂಕಶೈರ್ ಮತ್ತು ಮಿಡ್ಲೆಂಡ್ಸ್ ಸೀಮೆಯ ಕೈಗಾರಿಕಾ ಊರುಗಳವು. ಅಂದಿನಿಂದಲೂ ಅದು ತನ್ನ ಸದಸ್ಯರನ್ನು ತಾನೇ ಆರಿಸಿಕೊಳ್ಳುವ ಸಂಘವಾಗಿತ್ತು. ಹೊರಗಿದ್ದವರು ಆಟದಲ್ಲಿ ಕಡಿಮೆಯವರೇನಲ್ಲ. 1901ರಲ್ಲಿ ಲೀಗಿನ ಹೊರಗೆ ಸದರ್ನ್ ಲೀಗಿನಲ್ಲಿ ಆಡುತ್ತಿದ್ದ ಟಾಟನ್‌ಹ್ಯಾಮ್ ಎಫ್.ಎ. ಕಪ್ ಗೆದ್ದಿತು, ಲೀಗ್ ಹುಟ್ಟಿದ ಮೇಲೆ ಅದನ್ನು ಸಾಧಿಸಿದ ಹೊರಗಿನ ತಂಡ ಅದೊಂದೇ. ಮರುವರ್ಷ ನ್ಯೂಟನ್ ಹೀತ್ ಎಂಬ ಕ್ಲಬ್ಬು ಸಾಲದಲ್ಲಿ ಮುಳುಗಿ ಬಾಗಿಲು ಹಾಕುವ ಹಂತಕ್ಕೆ ಬಂದಿತ್ತು. ಸ್ಥಳೀಯ ಬಿಯರ್ ತಯಾರಕನೊಬ್ಬ ಹಣ ಹಾಕಿ ಉಳಿಸಿದ, ಹೆಸರನ್ನು ಮ್ಯಾಂಚೆಸ್ಟರ್ ಯುನೈಟೆಡ್ ಎಂದು ಬದಲಿಸಲಾಯಿತು. ಇನ್ನು ಆರ್ಸೆನಲ್. ಮೊದಲ ಮಹಾಯುದ್ಧಕ್ಕೆ ಲೀಗ್ ನಿಲ್ಲುವ ಮುಂಚಿನ ಋತುವಿನಲ್ಲಿ ಅದು ಎರಡನೇ ಡಿವಿಷನ್ನಿನ ಮೊದಲ ಮೂರು ಸ್ಥಾನಗಳಲ್ಲೂ ಇರಲಿಲ್ಲ. 1919ರಲ್ಲಿ ಮೊದಲ ಡಿವಿಷನ್ನನ್ನು ಹಿಗ್ಗಿಸಿದಾಗ ಸದಸ್ಯರ ಸಭೆಯಲ್ಲಿ ಅದಕ್ಕೆ 18 ಮತ ಬಿತ್ತು, ಟಾಟನ್‌ಹ್ಯಾಮಿಗೆ 8. ಆರ್ಸೆನಲ್ ಮೇಲೇರಿತು, ಅಲ್ಲಿಂದ ಇಂದಿನವರೆಗೂ ಕೆಳಗಿಳಿದಿಲ್ಲ. ಇದರಿಂದ ಆರ್ಸೆನಲ್ಲಿನ ನಂತರದ ಗೆಲುವುಗಳ ಬೆಲೆ ತಗ್ಗುವುದಿಲ್ಲ. ಆದರೆ ಅದು ನಿಂತ ಮೊದಲ ಮೆಟ್ಟಿಲನ್ನು ಹಾಕಿಕೊಟ್ಟದ್ದು ಮತಪೆಟ್ಟಿಗೆ.

ಅದೇ ಮತಪೆಟ್ಟಿಗೆ ಕೆಳಗಿನ ತುದಿಯಲ್ಲಿ ಹೇಗೆ ಕೆಲಸ ಮಾಡಿತು ಎಂಬುದಕ್ಕೆ 1960ರ ಬೇಸಿಗೆಯಷ್ಟು ಸ್ಪಷ್ಟ ಸಾಕ್ಷಿ ಬೇರೆ ಸಿಗಲಾರದು. ಆಗಿನ ಪದ್ಧತಿಯಂತೆ ಕೊನೆಯ ಡಿವಿಷನ್ನಿನಲ್ಲಿ ತಳದಲ್ಲಿ ಉಳಿದ ನಾಲ್ಕು ಕ್ಲಬ್ಬುಗಳು ವಾರ್ಷಿಕ ಸಭೆಯ ಮುಂದೆ ಮರು ಆಯ್ಕೆಗೆ ಅರ್ಜಿ ಹಾಕಬೇಕು. ಅವುಗಳ ಎದುರು ಹೊರಗಿನ ನಾನ್-ಲೀಗ್ ಕ್ಲಬ್ಬುಗಳು ಸ್ಪರ್ಧಿಸಬೇಕು. ಮೇಲಿನ ಎರಡು ಡಿವಿಷನ್ನುಗಳ ಕ್ಲಬ್ಬುಗಳಿಗೆ ತಲಾ ಒಂದು ಮತ, ಕೆಳಗಿನವುಗಳಿಗೆ ಎಲ್ಲ ಸೇರಿ ಬೆರಳೆಣಿಕೆಯ ಮತ. ಅಂದರೆ ತಳದವರ ಹಣೆಬರಹ ಬರೆಯುತ್ತಿದ್ದವರು ಅವರ ಡಿವಿಷನ್ನಿನಲ್ಲಿ ಆಡದವರು. ಆ ವರ್ಷ ಕೊನೆಯ ಸ್ಥಾನದಲ್ಲಿದ್ದದ್ದು ಹಾರ್ಟ್ಲ್‌ಪೂಲ್ಸ್, ಅದರ ಮೇಲೆ ಓಲ್ಡಮ್, ಅದರ ಮೇಲೆ ಗೇಟ್ಸ್‌ಹೆಡ್. ಹೊರಬಿದ್ದದ್ದು ಗೇಟ್ಸ್‌ಹೆಡ್. ತನಗಿಂತ ಕೆಳಗಿದ್ದ ಇಬ್ಬರೂ ಉಳಿದರು. ಹಾರ್ಟ್ಲ್‌ಪೂಲ್ ಕ್ಲಬ್ಬಂತೂ ತನ್ನ ಇತಿಹಾಸದಲ್ಲಿ ಹದಿನಾಲ್ಕು ಸಲ ಹೀಗೆ ಅರ್ಜಿ ಹಾಕಿ ಹದಿನಾಲ್ಕು ಸಲವೂ ಉಳಿದುಕೊಂಡಿದೆ. ಗೇಟ್ಸ್‌ಹೆಡ್ ಲೀಗಿನಾಚೆ ಏದುಸಿರು ಬಿಡುತ್ತ 1973ರಲ್ಲಿ ಮುಚ್ಚಿಹೋಯಿತು.

ಗೇಟ್ಸ್‌ಹೆಡ್ ಜಾಗಕ್ಕೆ ಬಂದ ಪೀಟರ್‌ಬರೊ ಮಿಡ್ಲೆಂಡ್ ಲೀಗನ್ನು ಸತತ ಐದು ವರ್ಷ ಗೆದ್ದಿದ್ದರೂ ಬಾಗಿಲ ಹೊರಗೇ ನಿಂತಿತ್ತು. ಒಳಬಂದ ಮೊದಲ ಋತುವಿನಲ್ಲೇ 134 ಗೋಲು ಹೊಡೆದು ನಾಲ್ಕನೇ ಡಿವಿಷನ್ ಗೆದ್ದಿತು. ಅಷ್ಟು ಬಲದ ತಂಡವನ್ನು ಅಷ್ಟು ಕಾಲ ಹೊರಗೆ ನಿಲ್ಲಿಸಿದ್ದಕ್ಕೆ ಆಟದ ಕಾರಣವೇನಿತ್ತು? ಆಗಿನ್ನೂ ಲೀಗಿನ ಹೊರಗಿದ್ದ ಹೆರೆಫರ್ಡ್ 1972ರ ಫೆಬ್ರವರಿಯಲ್ಲಿ ಕೆಸರುಗದ್ದೆಯಾಗಿದ್ದ ಎಡ್ಗರ್ ಸ್ಟ್ರೀಟ್ ಮೈದಾನದಲ್ಲಿ ನ್ಯೂಕ್ಯಾಸಲ್ಲನ್ನು 2–1ರಿಂದ ಸೋಲಿಸಿತು. ರಾನಿ ರ‍್ಯಾಡ್‌ಫರ್ಡ್ ಬಲು ದೂರದಿಂದ ಒದ್ದ ಚೆಂಡು ಬಲೆಯ ಮೇಲ್ಮೂಲೆ ಸೇರಿದಾಗ ಹುಡುಗರು ಗುಂಪುಗುಂಪಾಗಿ ಮೈದಾನಕ್ಕೆ ನುಗ್ಗಿದ ಆ ದೃಶ್ಯವನ್ನು ಇಂಗ್ಲೆಂಡಿನ ಟಿವಿ ಇಂದಿಗೂ ತೋರಿಸುತ್ತದೆ. ದೇಶವೆಲ್ಲ ಮೆಚ್ಚಿದ ಆ ತಂಡ ಅದೇ ಬೇಸಿಗೆಯಲ್ಲಿ ಲೀಗಿಗೆ ಬಂದದ್ದು ಬ್ಯಾರೋ ಕ್ಲಬ್ಬನ್ನು ಮತದಲ್ಲಿ ಹೊರದಬ್ಬಿಯೇ. ಬ್ಯಾರೋ ಮರಳಿ ಬರಲು 48 ವರ್ಷ ಹಿಡಿಯಿತು. 1977ರಲ್ಲಿ ಒಳಬಂದ ವಿಂಬಲ್ಡನ್ ಹನ್ನೊಂದು ವರ್ಷದಲ್ಲಿ, 1978ರಲ್ಲಿ ಬಂದ ವಿಗನ್ 2013ರಲ್ಲಿ ಎಫ್.ಎ. ಕಪ್ ಎತ್ತಿದವು. 1959ರಿಂದ 1986ರವರೆಗೆ, ವರ್ಷಕ್ಕೆ ನಾಲ್ಕು ಅರ್ಜಿಗಳಂತೆ ಇಪ್ಪತ್ತೆಂಟು ಬೇಸಿಗೆಗಳಲ್ಲಿ, ಮತದಿಂದ ಹೊರಬಿದ್ದ ಕ್ಲಬ್ಬುಗಳು ಬರೀ ಐದು. ಹೊಸ್ತಿಲಾಚೆ ನಿಂತವರು ಆಟ ಬಾರದೆ ನಿಂತಿದ್ದರೆ, ಒಳಬಿಟ್ಟ ಕೆಲವರೇ ಇಷ್ಟು ಎತ್ತರ ಏರುತ್ತಿರಲಿಲ್ಲ.

ಬಾಗಿಲ ಕತೆ ಅಷ್ಟು. ಗಲ್ಲಾಪೆಟ್ಟಿಗೆಯ ಕತೆ ಅದಕ್ಕಿಂತ ಮುಖ್ಯ. ಟಿಕೆಟ್ ಹಣದಲ್ಲಿ ಒಂದು ಪಾಲು ಅತಿಥಿ ತಂಡಕ್ಕೂ ಹೋಗಬೇಕು ಎಂಬ ನಿಯಮ ಲೀಗಿನಲ್ಲಿ ದಶಕಗಳ ಕಾಲ ಇತ್ತು. ಪಂದ್ಯ ಆಗಬೇಕಾದರೆ ಎದುರಾಳಿಯೂ ಬೇಕು, ಬಂದವನು ಬರಿಗೈಯಲ್ಲಿ ಹೋಗಬಾರದು ಎಂಬ ಸರಳ ನ್ಯಾಯ ಅದರ ಹಿಂದಿತ್ತು. 1983ರಲ್ಲಿ ಆ ನಿಯಮವನ್ನು ಕೈಬಿಟ್ಟರು. ಮನೆಯಂಗಳದ ಗಳಿಕೆಯೆಲ್ಲ ಮನೆಯವರಿಗೇ. ಎರಡು ವರ್ಷದ ಬಳಿಕ, 92 ಕ್ಲಬ್ಬುಗಳೂ ಸಮನಾಗಿ ಹಂಚಿಕೊಳ್ಳುತ್ತಿದ್ದ ಟಿವಿ ಹಣದಲ್ಲಿ ಅರ್ಧವನ್ನು ಮೊದಲ ಡಿವಿಷನ್ ತನಗೆಂದು ಎತ್ತಿಟ್ಟುಕೊಂಡಿತು. ಅದೂ ಸಾಲದೆ 1992ರಲ್ಲಿ ಆ ಡಿವಿಷನ್ನಿನ 22 ಕ್ಲಬ್ಬುಗಳು ಒಟ್ಟಾಗಿ ಹೊರಬಂದು ಪ್ರೀಮಿಯರ್ ಲೀಗ್ ಕಟ್ಟಿದವು. ಐದು ವರ್ಷಕ್ಕೆ 30 ಕೋಟಿ ಪೌಂಡಿನಿಂದ ಶುರುವಾದ ಅದರ ಸ್ವದೇಶಿ ಟಿವಿ ಹಣ ಈಗ ನಾಲ್ಕು ವರ್ಷಕ್ಕೆ 670 ಕೋಟಿ ಪೌಂಡು. ಆಟ ಒಂದೇ, ಮೈದಾನದ ಅಳತೆ ಒಂದೇ. ಬದಲಾದದ್ದು ಹಂಚುವ ಲೆಕ್ಕ.

ಸಣ್ಣ ಕ್ಲಬ್ಬುಗಳು ಮುಳುಗುವುದು ಸ್ವಂತ ದುರಾಡಳಿತದಿಂದ ಅಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆಕ್ರಿಂಗ್ಟನ್ ಸ್ಟ್ಯಾನ್ಲಿ 1962ರಲ್ಲಿ ಸಾಲಕ್ಕೆ ಸಿಕ್ಕಿ ಋತುವಿನ ನಡುವೆಯೇ ಲೀಗಿಗೆ ರಾಜೀನಾಮೆ ಕೊಟ್ಟಿತು. ಮನಸ್ಸು ಬದಲಿಸಿ ಪತ್ರ ಹಿಂಪಡೆಯಲು ಹೋದರೆ ಲೀಗ್ ಒಪ್ಪಲಿಲ್ಲ. ಬೆರಿಯನ್ನು ಅದು ಹೊರಬಿದ್ದ ಹೊತ್ತಿನ ಮಾಲೀಕರು ಕೊಂಡದ್ದು ಒಂದು ಪೌಂಡಿಗೆ. ಅಷ್ಟು ಅಗ್ಗಕ್ಕೆ ಕೈ ಬದಲಾಗುವ ಕ್ಲಬ್ಬಿನಲ್ಲಿ ಲೆಕ್ಕ ನೆಟ್ಟಗಿರಲು ಹೇಗೆ ಸಾಧ್ಯ? ಆದರೆ ದುರಾಡಳಿತವೇ ಪೂರ್ತಿ ಉತ್ತರವಾಗಿದ್ದರೆ ದೊಡ್ಡ ಕ್ಲಬ್ಬುಗಳೂ ಹೀಗೆಯೇ ಅಳಿಯಬೇಕಿತ್ತು. 1902ರ ನ್ಯೂಟನ್ ಹೀತ್ ಸಾಲವೂ ಸಾಲವೇ. ಮೇಲಿನ ಮಾಳಿಗೆಯಲ್ಲಿ ತಪ್ಪು ಮಾಡಿದವನನ್ನು ಟಿವಿ ಹಣ ಎತ್ತಿ ನಿಲ್ಲಿಸುತ್ತದೆ, ಕೆಳಗೆ ಮಾಡಿದವನಿಗೆ ಎರಡನೇ ಅವಕಾಶವೇ ಇಲ್ಲ. ಜೊತೆಗೆ ಲೆಕ್ಕ ನೆಟ್ಟಗಿಡುವುದು ಸಾಧ್ಯ ಎಂದು ತೋರಿಸಿದವರು ಅಭಿಮಾನಿಗಳೇ. ವಿಂಬಲ್ಡನ್ ಕ್ಲಬ್ಬನ್ನು ಮಿಲ್ಟನ್ ಕೀನ್ಸ್ ಊರಿಗೆ ಸಾಗಿಸಲು 2002ರಲ್ಲಿ ಅನುಮತಿ ಸಿಕ್ಕಾಗ ಊರಿನವರು ತಮ್ಮದೇ ಎ.ಎಫ್.ಸಿ. ವಿಂಬಲ್ಡನ್ ಕಟ್ಟಿ, ಹುಲ್ಲುಬಯಲಲ್ಲಿ ಆಟಗಾರರನ್ನು ಪರೀಕ್ಷಿಸಿ ಆರಿಸಿ, ಕೌಂಟಿ ಮಟ್ಟದ ಲೀಗಿನಿಂದ ಹೊರಟು ಒಂಬತ್ತೇ ವರ್ಷದಲ್ಲಿ ಫುಟ್‌ಬಾಲ್ ಲೀಗಿಗೆ ಮರಳಿದರು.

1987ರಿಂದ ಬಾಗಿಲು ತೆರೆದಿದೆಯಲ್ಲ ಎಂಬುದು ಇನ್ನೊಂದು ಆಕ್ಷೇಪ. ತೆರೆದದ್ದು ನಿಜ. ಮತದಾನ ರದ್ದಾಗಿ ನಾನ್-ಲೀಗ್ ಗೆದ್ದವರಿಗೆ ನೇರ ಬಡ್ತಿ ಬಂತು. ಸ್ಕಾರ್‌ಬರೊ ಮೇಲೇರಿತು, ಲಿಂಕನ್ ಕೆಳಗಿಳಿಯಿತು. ಆದರೆ 1994, 1995, 1996, ಸತತ ಮೂರು ವರ್ಷ ಗೆದ್ದ ಕಿಡ್ಡರ್‌ಮಿನ್‌ಸ್ಟರ್, ಮ್ಯಾಕಲ್ಸ್‌ಫೀಲ್ಡ್, ಸ್ಟೀವನೇಜ್ ಮೂವರಿಗೂ ಮೈದಾನ ನಿಯಮದ ಮಟ್ಟಕ್ಕಿಲ್ಲ ಎಂದು ಬಡ್ತಿ ನಿರಾಕರಿಸಲಾಯಿತು. ಬಡ್ತಿಗೆ ಎರಡನೇ ಸ್ಥಾನ ಸಿಕ್ಕಿದ್ದು 2003ರಲ್ಲಿ. ಅಲ್ಲಿಂದೀಚೆಗೆ ವರ್ಷಕ್ಕೆ ಇಬ್ಬರೇ. ಅದೇ ಏಣಿಯ ಒಂದು ಮೆಟ್ಟಿಲು ಮೇಲೆ, ಲೀಗ್ ಟೂನಿಂದ ಲೀಗ್ ಒನ್‌ಗೆ, ವರ್ಷವೂ ನಾಲ್ವರು ಏರುತ್ತಾರೆ.

ಟಿಕೆಟ್ ಹಣ ಹಂಚಿಕೊಳ್ಳುವ ಹಳೆಯ ನ್ಯಾಯ ಉಳಿದಿರುವುದು ಎಫ್.ಎ. ಕಪ್ಪಿನಲ್ಲಿ. ಅದರ ಬೆಲೆ ಏನೆಂದು ಎಕ್ಸೆಟರ್ ಬಲ್ಲದು. 2003ರಲ್ಲಿ ಲೀಗಿನಿಂದ ಉದುರಿ, ಸಾಲದ ಹೊರೆಯೊಂದಿಗೆ ಅಭಿಮಾನಿಗಳ ಟ್ರಸ್ಟಿನ ಕೈಸೇರಿದ ಆ ಕ್ಲಬ್ಬು 2005ರ ಜನವರಿಯಲ್ಲಿ ಓಲ್ಡ್ ಟ್ರಾಫರ್ಡಿನಲ್ಲಿ 67 ಸಾವಿರಕ್ಕೂ ಹೆಚ್ಚು ಜನರ ಎದುರು ಮ್ಯಾಂಚೆಸ್ಟರ್ ಯುನೈಟೆಡ್ಡನ್ನು 0–0ಗೆ ತಡೆಯಿತು. ಸಮನಾದ್ದರಿಂದ ತನ್ನೂರಲ್ಲಿ ಮರುಪಂದ್ಯವೂ ಸಿಕ್ಕಿತು. ಮರುಪಂದ್ಯದಲ್ಲಿ ಸೋತರೂ, ಎರಡು ಪಂದ್ಯಗಳಿಂದ ಬಂದ ಪಾಲು ಸಾಲ ತೀರಿಸಲು ನೆರವಾಯಿತು. 2008ರಲ್ಲಿ ಕ್ಲಬ್ಬು ಲೀಗಿಗೆ ಹಿಂತಿರುಗಿತು. ಇಂದು ಅಂಥ ಮರುಪಂದ್ಯ ಸಾಧ್ಯವಿಲ್ಲ. ದೊಡ್ಡ ಕ್ಲಬ್ಬುಗಳ ಪಂದ್ಯಪಟ್ಟಿ ಇಕ್ಕಟ್ಟಾಯಿತೆಂದು 2024–25ರ ಋತುವಿನಿಂದ ಕಪ್ಪಿನ ಮುಖ್ಯ ಸುತ್ತುಗಳಲ್ಲಿ ಮರುಪಂದ್ಯವನ್ನೇ ತೆಗೆದುಹಾಕಿದ್ದಾರೆ. 2025ರಲ್ಲಿ ಬ್ರಿಟಿಷ್ ಸಂಸತ್ತು ಫುಟ್‌ಬಾಲಿಗೆಂದೇ ಸ್ವತಂತ್ರ ನಿಯಂತ್ರಕರನ್ನು ನೇಮಿಸುವ ಕಾಯ್ದೆ ಮಾಡಿದೆ. ಆ ಕಾಯ್ದೆಗೆ ಹಲ್ಲಿದ್ದರೆ ಮೊದಲು ಹಣದ ಹಂಚಿಕೆಗೆ ಕೈಹಾಕಬೇಕು. ಮರುಪಂದ್ಯ ಮರಳಿ ಬರಬೇಕು, ನಾನ್-ಲೀಗಿನಿಂದ ಕನಿಷ್ಠ ಮೂವರಿಗೆ ದಾರಿಯಾಗಬೇಕು. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಶನಿವಾರ ಸಂಜೆ ಪ್ರೀಮಿಯರ್ ಲೀಗ್ ನೋಡಲು ಚಂದಾ ಕಟ್ಟುವವರ ಹಣವೂ ಆ ದೊಡ್ಡ ಗಲ್ಲಾಪೆಟ್ಟಿಗೆಗೇ ಹೋಗುತ್ತದೆ. ಆದ್ದರಿಂದ ಜನವರಿಯಲ್ಲಿ ಕಪ್ಪಿನ ಮೂರನೇ ಸುತ್ತು ಬಂದಾಗ ಅವರು ಎದುರಾಳಿ ತಂಡದ ಊರು ಯಾವುದೆಂದೂ ಒಮ್ಮೆ ನೋಡಲಿ.